ಮನೆಗೆ ತಿಳಿ ಬೂದು ಬಣ್ಣ: ಆಯ್ಕೆ ಮತ್ತು ಹೊಂದಾಣಿಕೆ



ಮನೆಗೆ ಸುಣ್ಣಬಣ್ಣ ಮಾಡಿಸುವುದು ದಿನನಿತ್ಯದ ಕೆಲಸವಲ್ಲ. ಮದುವೆ, ಗೃಹಪ್ರವೇಶ, ದೀಪಾವಳಿ, ಊರ ಜಾತ್ರೆ ಹೀಗೆ ಯಾವುದಾದರೊಂದು ಸಂದರ್ಭ ಕೂಡಿಬಂದಾಗ ಅದಕ್ಕೆ ಹಣ ಹೊಂದಿಸುತ್ತೇವೆ. ಒಮ್ಮೆ ಹಚ್ಚಿದ ಬಣ್ಣವನ್ನು ಐದಾರು ವರ್ಷವಾದರೂ ನೋಡುತ್ತಿರಬೇಕು. ಅದೇ ಗೋಡೆಗಳ ನಡುವೆ ನೀವು ಓದಬೇಕು, ಬರೆಯಬೇಕು. ಹೀಗಿದ್ದರೂ ಬಣ್ಣ ಆರಿಸುವುದಕ್ಕೆ ನಾವು ಕೊಡುವ ಸಮಯ, ಅಂಗಡಿಯಲ್ಲಿ ನಿಂತು ಶೇಡ್ ಕಾರ್ಡ್ ತಿರುವಿ ಹಾಕುವ ಹತ್ತು ನಿಮಿಷ ಮಾತ್ರ.

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲೂಕಿನ ರಾಜೇಶ್ವರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹುಮನಾಬಾದ್ ಮತ್ತು ಬಸವಕಲ್ಯಾಣಗಳ ನಡುವೆ, ಪುಣೆ-ಹೈದರಾಬಾದ್ ಹೆದ್ದಾರಿಗೆ ಹೊಂದಿಕೊಂಡ ಊರು ಇದು. ಈ ಭಾಗದ ಊರುಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಗಳೂ ಇವೆ, ಇಟ್ಟಿಗೆ-ಸಿಮೆಂಟಿನ ಹೊಸ ಮನೆಗಳೂ ಇವೆ. ಹಳೆಯ ಮನೆಗೆ ಬಿಳಿ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಂಬುದು ರೂಢಿ. ಹೊಸ ಮನೆ ಕಟ್ಟಿಸುವವರು ಬಿಳಿ, ಕೆನೆ ಬಣ್ಣಗಳ ಜೊತೆಗೆ ಈಗ ತಿಳಿ ಬೂದನ್ನೂ ಕೇಳುತ್ತಾರೆ. ಬಿಳಿಯ ಹಾಗೆ ಕಣ್ಣಿಗೆ ರಾಚುವುದಿಲ್ಲ, ಧೂಳು ಬೇಗ ಎದ್ದು ಕಾಣುವುದಿಲ್ಲ, ಯಾವ ಸಾಮಾನಿನ ಜೊತೆಗೂ ಹೊಂದುತ್ತದೆ ಎಂಬುದು ಅವರ ಲೆಕ್ಕ.

ಲೆಕ್ಕವೇನೋ ಸರಿ. ಆದರೆ ತಿಳಿ ಬೂದು ಹಚ್ಚಿಸಿದ ಮನೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. "ಕಾರ್ಡಿನಲ್ಲಿ ಬೂದು ಇತ್ತು, ಗೋಡೆಗೆ ಹಚ್ಚಿದರೆ ನೀಲಿ ಕಾಣಿಸುತ್ತದೆ." "ಹಗಲು ಚೆನ್ನಾಗಿದೆ, ರಾತ್ರಿ ಮಂಕಾಗುತ್ತದೆ." ಆಗ ಅಂಗಡಿಯವನನ್ನೋ ಬಣ್ಣ ಬಳಿದವನನ್ನೋ ದೂರುತ್ತೇವೆ. ಬಹಳ ಸಲ ಇಬ್ಬರದೂ ತಪ್ಪಿರುವುದಿಲ್ಲ. ಬೂದು ಬಣ್ಣದ ಸ್ವಭಾವವೇ ಹಾಗೆ. ತನ್ನ ಬಣ್ಣ ಕಡಿಮೆ ಇರುವುದರಿಂದ ಅದು ಬೆಳಕಿನ ಬಣ್ಣವನ್ನೂ ನೆಲದ ಬಣ್ಣವನ್ನೂ ನೆರೆಯ ವಸ್ತುಗಳ ಪ್ರಭಾವವನ್ನೂ ಬೇಗ ತೋರಿಸುತ್ತದೆ. ಈ ಒಂದು ಮಾತನ್ನು ಅರಿತರೆ ಬೂದು ಬಣ್ಣದ ಆಯ್ಕೆ ಅರ್ಧ ಮುಗಿದಂತೆ.

ಬೂದು ಎಂದರೇನು?

'ಬೂದು' ಎಂಬ ಪದಕ್ಕೂ 'ಬೂದಿ'ಗೂ ಇರುವ ನಂಟು ಕೇಳಿದರೇ ತಿಳಿಯುತ್ತದೆ. ಒಲೆಯ ಬೂದಿಯನ್ನೇ ಗಮನಿಸಿ. ಒಂದು ಕಟ್ಟಿಗೆಯ ಬೂದಿ ಬೆಳ್ಳಗಿದ್ದರೆ ಇನ್ನೊಂದರದು ತುಸು ಕಂದು, ಕುಳ್ಳಿನ ಬೂದಿ ಮತ್ತೊಂದು ಬಗೆ. ಎಲ್ಲವನ್ನೂ ನಾವು ಬೂದಿ ಬಣ್ಣ ಎಂದೇ ಕರೆಯುತ್ತೇವೆ.

ಭೌತಶಾಸ್ತ್ರದ ದೃಷ್ಟಿಯಲ್ಲಿ, ತನ್ನ ಮೇಲೆ ಬಿದ್ದ ಬೆಳಕಿನ ಎಲ್ಲ ಬಣ್ಣಗಳನ್ನೂ ಸಮಪ್ರಮಾಣದಲ್ಲಿ, ಆದರೆ ಪೂರ್ತಿಯಾಗಿ ಅಲ್ಲದೆ, ಹಿಂದಿರುಗಿಸುವ ಮೇಲ್ಮೈ ಬೂದಾಗಿ ಕಾಣುತ್ತದೆ. ಹೆಚ್ಚು ಹಿಂದಿರುಗಿಸಿದರೆ ತಿಳಿ ಬೂದು, ಕಡಿಮೆ ಹಿಂದಿರುಗಿಸಿದರೆ ಗಾಢ ಬೂದು. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಬಣ್ಣಗಳ ಪದ್ಧತಿಯಲ್ಲಿ ಕಪ್ಪಿಗೆ 0, ಬಿಳಿಗೆ 10 ಎಂದು ಇಟ್ಟು ನಡುವಿನ ಬೂದುಗಳನ್ನು ಮೆಟ್ಟಿಲುಗಳಂತೆ ಜೋಡಿಸಿದನು. ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಕಣ್ಣಿಗೆ ಸರಿಯಾಗಿ ನಡುವೆ ಇರುವಂತೆ ತೋರುವ 5ನೆಯ ಮೆಟ್ಟಿಲಿನ ಬೂದು ಹಿಂದಿರುಗಿಸುವುದು ಬಿದ್ದ ಬೆಳಕಿನ ಅರ್ಧದಷ್ಟನ್ನಲ್ಲ, ಸುಮಾರು ಶೇಕಡಾ 20ರಷ್ಟನ್ನು ಮಾತ್ರ. ನಾವು ತಿಳಿ ಬೂದು ಎನ್ನುವ 8ನೆಯ ಮೆಟ್ಟಿಲು ಶೇಕಡಾ 60ಕ್ಕೆ ಸಮೀಪದಷ್ಟನ್ನು ಹಿಂದಿರುಗಿಸುತ್ತದೆ. ಅಂದರೆ ಕಾರ್ಡಿನಲ್ಲಿ "ಸ್ವಲ್ಪವೇ ಗಾಢ" ಎಂದು ಕಾಣುವ ಬಣ್ಣ ಕೋಣೆಯ ಬೆಳಕನ್ನು ಬಹಳಷ್ಟು ನುಂಗಬಲ್ಲದು.

ಇದರ ಪರಿಣಾಮ ಎಷ್ಟು? ಒಂದು ಸಣ್ಣ ಲೆಕ್ಕ ಮಾಡೋಣ. ಕಿಟಕಿಯಿಂದ ಬಂದ ಬೆಳಕು ಒಂದು ಗೋಡೆಗೆ ಬಡಿದು, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ನಿಮ್ಮ ಪುಸ್ತಕದ ಮೇಲೆ ಬೀಳುತ್ತದೆ. ಗೋಡೆ ಶೇಕಡಾ 60ರಷ್ಟು ಹಿಂದಿರುಗಿಸುವುದಾದರೆ ಎರಡು ಬಡಿತದ ನಂತರ 36 ಪಾಲು ಉಳಿಯುತ್ತದೆ. ಶೇಕಡಾ 30 ಹಿಂದಿರುಗಿಸುವ ಗೋಡೆಯಾದರೆ ಉಳಿಯುವುದು 9 ಪಾಲು. ಪ್ರತಿಫಲನ ಅರ್ಧಕ್ಕೆ ಇಳಿದರೆ ಬೆಳಕು ಕಾಲು ಭಾಗಕ್ಕೆ ಇಳಿಯಿತು! ಸಣ್ಣ ಕಿಟಕಿಯ, ದಪ್ಪ ಗೋಡೆಯ ಮನೆಯಲ್ಲಿ ಓದುವ ವಿದ್ಯಾರ್ಥಿಗೆ ಇದು ಅಲಂಕಾರದ ಮಾತಲ್ಲ, ಕಣ್ಣಿನ ಮಾತು. ಅಂಥ ಕೋಣೆಗೆ ಬೂದು ಬೇಕೇ ಎಂದಾದರೆ ಕಾರ್ಡಿನ ಅತ್ಯಂತ ತಿಳಿಯಾದ ಸಾಲಿನಿಂದಲೇ ಆರಿಸಬೇಕು.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ವಿವರಿಸುತ್ತದೆ. ಬೂದು ಬಣ್ಣದಲ್ಲಿ ನೀಲಿಯ ಎಳೆ ತುಸುವೇ ಇದ್ದರೂ ಗೋಡೆಯಿಂದ ಗೋಡೆಗೆ ಬೆಳಕು ಬಡಿದಂತೆಲ್ಲ ಆ ಎಳೆ ಬಲವಾಗುತ್ತಾ ಹೋಗುತ್ತದೆ. ಎರಡು ಅಂಗುಲದ ಕಾರ್ಡಿನಲ್ಲಿ ಕಾಣದ ನೀಲಿ ನಾಲ್ಕು ಗೋಡೆಗಳ ಮೇಲೆ ಎದ್ದು ಕಾಣುವುದು ಹೀಗೆ.

ಒಳಛಾಯೆಯನ್ನು ಗುರುತಿಸುವುದು

ಮಾರುಕಟ್ಟೆಯ ತಿಳಿ ಬೂದುಗಳಲ್ಲಿ ಅಪ್ಪಟ ಬೂದು ಅಪರೂಪ. ಹೆಚ್ಚಿನವುಗಳಲ್ಲಿ ನೀಲಿ, ಹಸಿರು ಅಥವಾ ಕಂದಿನ ಒಳಛಾಯೆ ಇರುತ್ತದೆ. ಬಿಳಿ ಬಣ್ಣಕ್ಕೆ ಕಪ್ಪು ಸ್ಟೇನರ್ ಬೆರೆಸಿದರೂ ಅಷ್ಟೆ. ಕಪ್ಪಿನ ಕಣಗಳು ತುಸು ದೊಡ್ಡವಾಗಿದ್ದರೆ ಮಿಶ್ರಣ ನೀಲಿಯತ್ತ ವಾಲುತ್ತದೆ, ಬಹಳ ನುಣುಪಾಗಿದ್ದರೆ ಕಂದಿನತ್ತ ವಾಲುತ್ತದೆ. ಬರಿಯ ಕಪ್ಪು-ಬಿಳುಪು ಬೆರೆಸಿದರೂ ನೀಲಿ ಬಂದಿತಲ್ಲ ಎಂಬ ಆಶ್ಚರ್ಯಕ್ಕೆ ಇದು ಉತ್ತರ. ಸುಣ್ಣದ ಹಳದಿ ಛಾಯೆ ಮರೆಯಾಗಲೆಂದು ನಮ್ಮ ಹಿರಿಯರು ಅದಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದರು. ಹಾಗೆ ನೀಲಿ ಹೆಚ್ಚಾದ ಸುಣ್ಣವೂ ಬೂದುನೀಲಿಯಾಗಿ ಕಾಣುವುದನ್ನು ನೀವು ನೋಡಿರಬಹುದು.

ಒಳಛಾಯೆಯನ್ನು ಪತ್ತೆ ಮಾಡುವ ವಿಧಾನ ಸುಲಭ. ನಾಲ್ಕೈದು ಬೂದಿನ ಚೂರುಗಳನ್ನು ಒಂದು ಅಚ್ಚ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಇಡಿ. ಒಂದನ್ನೇ ನೋಡಿದಾಗ ಬರಿಯ ಬೂದಾಗಿ ಕಂಡದ್ದು, ಇನ್ನೊಂದರ ಪಕ್ಕದಲ್ಲಿ ತನ್ನ ನೀಲಿಯನ್ನೋ ಹಸಿರನ್ನೋ ಬಿಟ್ಟುಕೊಡುತ್ತದೆ. ಇದನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮಾಡದೆ ಹೊರಗೆ ಹಗಲು ಬೆಳಕಿನಲ್ಲಿ ಮಾಡಬೇಕು.

ಬೆಳಕಿನ ಪಾತ್ರ

ಉತ್ತರದ ಕಿಟಕಿಯಿಂದ ವರ್ಷದ ಹೆಚ್ಚಿನ ಭಾಗ ಒಳಬರುವುದು ಆಕಾಶದ ಬೆಳಕು. ಅದರಲ್ಲಿ ನೀಲಿ ಹೆಚ್ಚು. ಪೂರ್ವದ ಕೋಣೆಗೆ ಬೆಳಗಿನ, ಪಶ್ಚಿಮದ ಕೋಣೆಗೆ ಸಂಜೆಯ ಹೊಂಬಿಸಿಲು ಬರುತ್ತದೆ. ಆದ್ದರಿಂದ ನೀಲಿ ಛಾಯೆಯ ಬೂದು ಉತ್ತರದ ಕೋಣೆಯಲ್ಲಿ ಮತ್ತಷ್ಟು ನೀಲಿಯಾಗಿ, ತಣ್ಣಗೆ ಕಾಣುತ್ತದೆ. ಅಲ್ಲಿಗೆ ಕಂದು ಛಾಯೆಯ ಬೂದು ಒಳ್ಳೆಯದು. ಪಶ್ಚಿಮದ ಕೋಣೆಯಲ್ಲಿ ಕಂದು ಛಾಯೆಯ ಬೂದು ಸಂಜೆ ಹೊತ್ತು ಮಣ್ಣಿನ ಬಣ್ಣದಂತಾಗಬಹುದು. ಅಲ್ಲಿ ನೀಲಿ ಛಾಯೆ ಹೊಂದುತ್ತದೆ.

ಈ ಮಾತನ್ನು ಚಳಿ ದೇಶಗಳ ಪುಸ್ತಕದಿಂದ ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ರಾಜೇಶ್ವರವಿರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 17.8 ಡಿಗ್ರಿಯಲ್ಲಿ. ಇಲ್ಲಿ ಮೇ ತಿಂಗಳ ಎರಡನೆಯ ವಾರದಲ್ಲೊಮ್ಮೆ, ಆಗಸ್ಟ್ ಮೊದಲ ದಿನಗಳಲ್ಲೊಮ್ಮೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಹುಟ್ಟುವುದು, ಮುಳುಗುವುದೂ ಉತ್ತರಕ್ಕೆ ಸರಿದಿರುವುದರಿಂದ ಬೆಳಿಗ್ಗೆ ಸಂಜೆ ಉತ್ತರದ ಗೋಡೆಗೂ ಓರೆ ಬಿಸಿಲು ತಾಗುತ್ತದೆ. ಹೀಗೆ ನಮ್ಮ ಉತ್ತರದ ಕೋಣೆ ವರ್ಷಪೂರ್ತಿ ಒಂದೇ ಬೆಳಕಿನದಲ್ಲ. ಕಿಟಕಿಯ ಎದುರು ಬೇವಿನ ಮರವಿದ್ದರೆ ಒಳಬರುವ ಬೆಳಕು ಹಸಿರಾಗುತ್ತದೆ, ಎದುರಿಗೆ ಕೆಂಪು ಇಟ್ಟಿಗೆಯ ಗೋಡೆಯಿದ್ದರೆ ಕೆಂಪಾಗುತ್ತದೆ. ದಿಕ್ಕನ್ನು ಮಾತ್ರ ನಂಬದೆ ಕಿಟಕಿಯಾಚೆ ಏನಿದೆ ಎಂಬುದನ್ನೂ ನೋಡಬೇಕು.

ರಾತ್ರಿಯ ದೀಪವೂ ಮುಖ್ಯ. ಹಳೆಯ ತಂತಿ ಬಲ್ಬಿನ ಬೆಳಕಿನ ವರ್ಣತಾಪ ಸುಮಾರು 2700 ಕೆಲ್ವಿನ್, ಅಂದರೆ ಹಳದಿ. ಮನೆಗಳಲ್ಲಿ ಸಾಮಾನ್ಯವಾಗಿರುವ ಬಿಳಿ ಎಲ್‌ಇಡಿ ಬಲ್ಬಿನದು 6500 ಕೆಲ್ವಿನ್, ಅಂದರೆ ನೀಲಿಮಿಶ್ರಿತ ಬಿಳಿ. ಒಂದೇ ಬೂದು ಗೋಡೆ ಮೊದಲನೆಯದರ ಕೆಳಗೆ ಬೆಚ್ಚಗೆ, ಎರಡನೆಯದರ ಕೆಳಗೆ ಆಸ್ಪತ್ರೆಯ ಗೋಡೆಯಂತೆ ಕಾಣಬಹುದು. ಬಣ್ಣ ಬದಲಿಸುವ ಮೊದಲು ಬಲ್ಬು ಬದಲಿಸಿ ನೋಡುವುದು ಅಗ್ಗದ ಉಪಾಯ. ಬಲ್ಬಿನ ಡಬ್ಬಿಯ ಮೇಲೆ ಈ ಸಂಖ್ಯೆ ಅಚ್ಚಾಗಿರುತ್ತದೆ.

ನೆರೆಯ ಬಣ್ಣಗಳು

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ ಪ್ಯಾರಿಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದನು. ಅಲ್ಲಿ ಕಪ್ಪು ನೂಲಿಗೆ ಗಾಢತೆ ಸಾಲದು ಎಂಬ ದೂರು ಬಂದಿತು. ಪರೀಕ್ಷಿಸಿದಾಗ ಕಪ್ಪು ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. ಇದರ ಬೆನ್ನುಹತ್ತಿ 1839ರಲ್ಲಿ ಅವನು ಬಣ್ಣಗಳ ಏಕಕಾಲಿಕ ವೈದೃಶ್ಯದ ನಿಯಮವನ್ನು ವಿವರಿಸುವ ಗ್ರಂಥ ಪ್ರಕಟಿಸಿದನು. ಅದರ ಸಾರ ಇಷ್ಟು: ಪಕ್ಕಪಕ್ಕದ ಎರಡು ಬಣ್ಣಗಳನ್ನು ಕಣ್ಣು ಇರುವುದಕ್ಕಿಂತ ಹೆಚ್ಚು ಭಿನ್ನವಾಗಿ ಕಾಣುತ್ತದೆ. ಕೆಂಪಿನ ಪಕ್ಕ ಬೂದು ಹಸಿರಾಗಿ, ಹಸಿರಿನ ಪಕ್ಕ ಕೆಂಪಾಗಿ, ನೀಲಿಯ ಪಕ್ಕ ಹಳದಿಯಾಗಿ, ಹಳದಿಯ ಪಕ್ಕ ನೀಲಿಯಾಗಿ ತೋರುತ್ತದೆ.

ನೀವೇ ಪರೀಕ್ಷಿಸಬಹುದು. ಒಂದೇ ಬೂದು ಕಾಗದದಿಂದ ಅಂಚೆಚೀಟಿಯಷ್ಟು ದೊಡ್ಡ ನಾಲ್ಕು ಚೂರು ಕತ್ತರಿಸಿ ಕೆಂಪು, ಹಸಿರು, ನೀಲಿ, ಹಳದಿ ಹಾಳೆಗಳ ನಡುವೆ ಒಂದೊಂದನ್ನು ಇಡಿ. ನಾಲ್ಕೂ ಬೇರೆ ಬೇರೆ ಬೂದುಗಳೆಂದು ನೋಡಿದವರು ಹೇಳುತ್ತಾರೆ.

ಮನೆಯಲ್ಲಿ ಎರಡು ಪರಿಣಾಮಗಳು ಒಟ್ಟಿಗೆ ನಡೆಯುತ್ತವೆ ಎಂಬುದನ್ನು ಗಮನಿಸಿ. ಕೆಂಪು ನೆಲದ ಮೇಲೆ ಬಿಸಿಲು ಬಿದ್ದಾಗ ಕೆಂಪು ಬೆಳಕು ಗೋಡೆಯ ಕೆಳಭಾಗವನ್ನು ನಿಜವಾಗಿಯೇ ಕೆಂಪೇರಿಸುತ್ತದೆ. ಇದು ಬೆಳಕಿನ ಕೆಲಸ. ಬಿಸಿಲಿಲ್ಲದ ಹೊತ್ತಿನಲ್ಲಿ ಅದೇ ಕೆಂಪು ನೆಲದ ಮಗ್ಗುಲಲ್ಲಿ ಬೂದು ಗೋಡೆ ಹಸಿರು ಛಾಯೆ ತಳೆದಂತೆ ತೋರುತ್ತದೆ. ಇದು ಕಣ್ಣಿನ ಕೆಲಸ. ಎರಡನ್ನೂ ತಾಳಿಕೊಳ್ಳುವ ಬಣ್ಣವೇ ಆ ಕೋಣೆಗೆ ಸರಿಯಾದ ಬಣ್ಣ.

ಬಿದರಿಯಿಂದ ಕಲಿಯುವ ಪಾಠ

ಹೊಂದಾಣಿಕೆ ಎಂದರೆ ಎಲ್ಲವೂ ಒಂದೇ ತೆರನಾಗಿರುವುದು ಎಂದು ಕೆಲವರ ಭಾವನೆ. ಬೀದರಿನ ಬಿದರಿ ಕುಸುರಿ ಬೇರೆ ಪಾಠ ಹೇಳುತ್ತದೆ. ಬಿದರಿ ಪಾತ್ರೆಯನ್ನು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಆ ಲೋಹದ ಸಹಜ ಬಣ್ಣ ಬೂದು. ಅದರಲ್ಲಿ ಕೊರೆದು ಬೆಳ್ಳಿ ಕೂರಿಸಿ ಉಜ್ಜಿದಾಗ ಬೂದು ಸತುವಿನ ಮೇಲೆ ಬಿಳಿ ಬೆಳ್ಳಿ ಸರಿಯಾಗಿ ಕಾಣುವುದೇ ಇಲ್ಲ. ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಪಾತ್ರೆಯನ್ನು ಕಪ್ಪಾಗಿಸಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆಗ ಹೂಬಳ್ಳಿಗಳು ಫಳಫಳ ಹೊಳೆಯುತ್ತವೆ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿರುವುದೂ ಇದೇ ತತ್ತ್ವದ ಮೇಲೆ.

ಪಾಠವಿಷ್ಟೆ: ಒಂದೇ ಮಟ್ಟದ ಎರಡು ತಿಳಿಬಣ್ಣಗಳು ಒಂದನ್ನೊಂದು ನುಂಗುತ್ತವೆ. ತಿಳಿ ಬೂದು ಗೋಡೆ, ತಿಳಿ ಬೂದು ನೆಲ, ತಿಳಿ ಬೂದು ಪರದೆ ಸೇರಿದರೆ ಮೋಡ ಕವಿದ ದಿನದಂತಾಗುತ್ತದೆ. ಕೋಣೆಯಲ್ಲಿ ಎಲ್ಲೋ ಒಂದು ಗಾಢತೆ, ಎಲ್ಲೋ ಒಂದು ಅಚ್ಚ ಬಿಳಿ ಬೇಕು.

ಏನಕ್ಕೆ ಏನು?

ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಕಾಣುವ ವಸ್ತುಗಳನ್ನೇ ತೆಗೆದುಕೊಳ್ಳೋಣ.

ಶಹಾಬಾದ್ ಕಲ್ಲಿನ ನೆಲ: ಕಲಬುರಗಿ ಜಿಲ್ಲೆಯ ಈ ಸುಣ್ಣಕಲ್ಲು ಬಹುಮಟ್ಟಿಗೆ ಬೂದು ಅಥವಾ ನೀಲಿಬೂದು. ನೆಲ ಈಗಾಗಲೇ ಗಾಢವಾಗಿರುವುದರಿಂದ ಗೋಡೆ ಅದಕ್ಕಿಂತ ಬಹಳ ತಿಳಿಯಾಗಿರಲಿ, ಕಂದು ಛಾಯೆಯ ಕಡೆಗಿರಲಿ. ಆಗ ಕೋಣೆ ತಣ್ಣಗೆನಿಸುವುದಿಲ್ಲ.

ಕೆಂಪು ನೆಲ: ರೆಡ್ ಆಕ್ಸೈಡ್ ನೆಲಕ್ಕೆ ಹಸಿರು ಛಾಯೆಯ ಬೂದು ಬೇಡ. ಕೆಂಪು ಆ ಹಸಿರನ್ನು ಮತ್ತಷ್ಟು ಹಿಗ್ಗಿಸುತ್ತದೆ. ಕಂದು ಛಾಯೆಯ ಬೂದು ಇಲ್ಲಿಯೂ ಸುರಕ್ಷಿತ.

ಸಾಗವಾನಿ ಬಾಗಿಲು: ಮರದ ಕಂದು ನೀಲಿಬೂದಿನ ಪಕ್ಕ ಕೇಸರಿಯಾಗಿ ಎದ್ದು ತೋರುತ್ತದೆ. ಬಾಗಿಲೇ ಮನೆಯ ಶೋಭೆ ಎನ್ನುವವರು ಇದನ್ನು ಬಯಸಬಹುದು. ಶಾಂತವಾಗಿರಲಿ ಎನ್ನುವವರು ಕಂದುಬೂದು ಆರಿಸಲಿ.

ಛಾವಣಿ: ಬಿಳಿಯೇ ಇರಲಿ. ಆದರೆ ಬಿಳಿಗೂ ಒಳಛಾಯೆ ಉಂಟು. ಕಂದುಬೂದು ಗೋಡೆಗೆ ಕೆನೆಬಿಳಿ, ನೀಲಿಬೂದಿಗೆ ಅಚ್ಚ ಬಿಳಿ.

ಅಡುಗೆಮನೆ: ಎಣ್ಣೆ ಹೊಗೆಯ ಹಳದಿ ಪದರ ನೀಲಿಬೂದಿನ ಮೇಲೆ ಕೂತರೆ ಕೊಳಕು ಹಸಿರಾಗುತ್ತದೆ. ಇಲ್ಲಿ ಒರೆಸಿ ತೊಳೆಯಬಲ್ಲ ಬಣ್ಣ ಅಗತ್ಯ.

ಕೌದಿ, ಹಿತ್ತಾಳೆ, ಪಟಗಳು: ಅಜ್ಜಿ ಹೊಲಿದ ಬಣ್ಣಬಣ್ಣದ ಕೌದಿ, ಬೆಳಗಿದ ಹಿತ್ತಾಳೆ ಸಮೆ, ದೇವರ ಪಟ ಇವೆಲ್ಲ ತಿಳಿ ಬೂದಿನ ಮುಂದೆ ಚೆನ್ನಾಗಿ ಕಾಣುತ್ತವೆ. ಗೋಡೆ ಅವುಗಳೊಡನೆ ಪೈಪೋಟಿಗೆ ನಿಲ್ಲುವುದಿಲ್ಲ. ತಿಳಿ ಬೂದಿನ ದೊಡ್ಡ ಗುಣ ಇದೇ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಬೇಕು. ಬೂದು "ತಂಪು ಬಣ್ಣ"ವಾದ್ದರಿಂದ ಬೇಸಿಗೆಯಲ್ಲಿ ಮನೆ ತಂಪಾಗುತ್ತದೆ ಎಂದು ಕೆಲವರು ನಂಬುತ್ತಾರೆ. ಒಳಗೋಡೆಯ ಬಣ್ಣದಿಂದ ಕೋಣೆಯ ತಾಪ ಇಳಿಯುವುದಿಲ್ಲ. ಸೆಕೆ ಬರುವುದು ಮಾಳಿಗೆಯಿಂದ ಮತ್ತು ಹೊರಗೋಡೆಯಿಂದ. ತಂಪು ಬೇಕಾದವರು ಮಾಳಿಗೆಯ ಮೇಲೆ ಬಿಳಿ ಬಳಿಯಬೇಕು.

ಕೊಳ್ಳುವ ಮೊದಲು ಪರೀಕ್ಷೆ

ಎರಡು ಅಡಿ ಚೌಕದ ಬಿಳಿ ರಟ್ಟಿಗೆ, ಅಂಚಿನಲ್ಲಿ ಎರಡು ಅಂಗುಲ ಬಿಳಿ ಬಿಟ್ಟು, ಆರಿಸಿದ ಬಣ್ಣವನ್ನು ಎರಡು ಸಲ ಬಳಿಯಿರಿ. ಪೂರ್ತಿ ಒಣಗಲಿ. ಎಮಲ್ಷನ್ ಬಣ್ಣ ಒಣಗಿದಾಗ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ. ಸುಣ್ಣ ಒಣಗಿದಾಗ ಬಹಳ ತಿಳಿಯಾಗುತ್ತದೆ. ಆದ್ದರಿಂದ ಹಸಿಯಾಗಿರುವಾಗ ತೀರ್ಮಾನ ಬೇಡ. ಆ ರಟ್ಟನ್ನು ನಾಲ್ಕೂ ಗೋಡೆಗೆ ಒಂದೊಂದಾಗಿ ಆನಿಸಿ, ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ, ಸಂಜೆ 5ಕ್ಕೆ, ರಾತ್ರಿ ದೀಪದಲ್ಲಿ ನೋಡಿ. ಹಳೆಯ ಗೋಡೆಯ ಮೇಲೆ ನೇರವಾಗಿ ಬಳಿದು ನೋಡಿದರೆ ಸುತ್ತಲಿನ ಹಳೆಯ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಬಿಳಿ ಅಂಚು ಬಿಡುವುದು ಅದಕ್ಕೇ.

ಬಣ್ಣ ಎಷ್ಟು ಬೇಕೆಂಬ ಲೆಕ್ಕವೂ ನಿಮಗೆ ಕಷ್ಟವಲ್ಲ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗೋಡೆಗಳ ವಿಸ್ತೀರ್ಣ 2 × (12+10) × 10 = 440 ಚದರಡಿ. ಒಂದು ಬಾಗಿಲು 21, ಒಂದು ಕಿಟಕಿ 16 ಚದರಡಿ ಕಳೆದರೆ 403. ಎರಡು ಕೋಟಿಗೆ ಲೀಟರೊಂದಕ್ಕೆ 130 ಚದರಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಸುಮಾರು 3.1 ಲೀಟರ್ ಬೇಕು. ಒಂದು ಕೋಣೆಯ ಬಣ್ಣವನ್ನೆಲ್ಲ ಒಂದೇ ಬ್ಯಾಚ್ ಸಂಖ್ಯೆಯದ್ದಾಗಿ ಒಂದೇ ಸಲ ತರುವುದು ಮೇಲು. ಬೂದಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಗೋಡೆಯ ನಡುವೆ ಪಟ್ಟಿಯಾಗಿ ಕಾಣುತ್ತದೆ.

ಗೋಡೆಯನ್ನೂ ಕೇಳಿ

ಮಣ್ಣು ಅಥವಾ ಸುಣ್ಣಗಾರೆಯ ಹಳೆಯ ಗೋಡೆಗಳು ತೇವವನ್ನು ಹೀರಿ ಹೊರಬಿಡುತ್ತವೆ. ಅವುಗಳ ಮೇಲೆ ಪ್ಲಾಸ್ಟಿಕ್ ಪದರದಂಥ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿ, ಬಣ್ಣ ಹಪ್ಪಳದಂತೆ ಏಳುತ್ತದೆ. ಇಂಥ ಗೋಡೆಗೆ ಸುಣ್ಣವೇ ಹಿತ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ, ಗೋಡೆಯ ಉಸಿರನ್ನು ಕಟ್ಟುವುದಿಲ್ಲ. ಸುಣ್ಣಕ್ಕೆ ಒಗ್ಗುವ ಕಪ್ಪು ಆಕ್ಸೈಡ್ ಪುಡಿಯನ್ನು ತುಸು ಬೆರೆಸಿದರೆ ಸೊಗಸಾದ ತಿಳಿ ಬೂದು ಸುಣ್ಣದಲ್ಲೇ ದೊರೆಯುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನೊಂದು ಎಚ್ಚರಿಕೆ ಮನೆಯ ಚಿಕ್ಕ ಮಕ್ಕಳ ಸಲುವಾಗಿ. ಹಳೆಯ ಬಣ್ಣಗಳಲ್ಲಿ, ವಿಶೇಷವಾಗಿ ಬಾಗಿಲು ಕಿಟಕಿಗಳ ಎಣ್ಣೆಬಣ್ಣದಲ್ಲಿ, ಸೀಸ ಇರುವ ಸಂಭವವಿದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಭಾರತ ಸರ್ಕಾರದ 2016ರ ನಿಯಮಗಳ ಪ್ರಕಾರ, 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಒದ್ದೆ ಮಾಡಿ ಉಜ್ಜಬೇಕು, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು, ಮಕ್ಕಳನ್ನೂ ಬಸುರಿಯರನ್ನೂ ದೂರವಿಡಬೇಕು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು.

ಮನೆಗೆ ಬಣ್ಣ ಹಚ್ಚಿಸುವ ಮಾತು ಬಂದಾಗ ಹಿರಿಯರು ಹಣದ ಲೆಕ್ಕ ನೋಡುತ್ತಾರೆ. ಬೆಳಕಿನ ಲೆಕ್ಕವನ್ನು ನೀವು ನೋಡಿಕೊಡಿ. ಒಂದು ರಟ್ಟು, ಒಂದು ಸಣ್ಣ ಡಬ್ಬಿ ಬಣ್ಣ, ಎರಡು ದಿನದ ಸಹನೆ ಇದ್ದರೆ ಸಾಕು. ಐದಾರು ವರ್ಷ ನೋಡಬೇಕಾದ ಗೋಡೆಗೆ ಇಷ್ಟು ಮಾಡುವುದು ಹೆಚ್ಚಲ್ಲ.